ಮೇಲ್ ನಮ್ಮ ಕೈಯಲ್ಲೇ ಇರಲಿ: ಥಂಡರ್‌ಬರ್ಡ್‌ನಲ್ಲಿ ಹೊಸದೇನು?

(ಚಿಕ್ಕಮಗಳೂರಿನಲ್ಲಿ ತೋಟದ ಆಫೀಸು, ಅಂಗಡಿ, ಸೊಸೈಟಿಗಳ ಕಾಗದಪತ್ರ ನೋಡಿಕೊಳ್ಳುವವರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯಿಂದೆಲ್ಲ ಬಂದಿದ್ದೀರಿ. ತುಂಬಾ ಖುಷಿಯಾಯಿತು.

ಥಂಡರ್‌ಬರ್ಡ್ ಅನ್ನುವ ಮೇಲ್ ಸಾಫ್ಟ್‌ವೇರ್‌ಗೆ ಈಚೆಗೆ ಏನೇನು ಸೇರಿದೆ ಅಂತ ಹೇಳುವುದಕ್ಕೆ ನನ್ನನ್ನು ಕರೆದಿದ್ದಾರೆ. ಹೇಳುತ್ತೇನೆ. ಆದರೆ ಸುಮ್ನೆ ಪಟ್ಟಿ ಓದುವುದಿಲ್ಲ. ಒಂದೇ ಪ್ರಶ್ನೆ ಇಟ್ಟುಕೊಂಡು ಎಲ್ಲವನ್ನೂ ನೋಡೋಣ. ಇದರಿಂದ ನಮ್ಮ ಮೇಲ್ ನಮ್ಮ ಕೈಯಲ್ಲಿ ಉಳಿಯುತ್ತದೆಯೋ ಇಲ್ಲವೋ?

ಈ ಪ್ರಶ್ನೆ ಯಾಕೆ ಅಂದರೆ, ನಿಮ್ಮ ಕೆಲಸದ ದಾಖಲೆಯೆಲ್ಲ ಈಗ ಮೇಲ್‌ನಲ್ಲಿದೆ. ರೇಟಿನ ಮಾತುಕತೆ ಫೋನಿನಲ್ಲೋ ವಾಟ್ಸಾಪ್‌ನಲ್ಲೋ ಮುಗಿಯಬಹುದು. ಕಾಂಟ್ರಾಕ್ಟ್ ಮಾತ್ರ ಮೇಲ್‌ಗೇ ಬರುತ್ತದೆ. ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ ಎಷ್ಟು ಬೀಜ ಸಿಕ್ಕಿತು ಅನ್ನುವ ಔಟ್‌ಟರ್ನ್ ರಿಪೋರ್ಟ್, ಗೊಬ್ಬರದ ಬಿಲ್ಲು, ಬ್ಯಾಂಕಿನ ಸ್ಟೇಟ್‌ಮೆಂಟು, ಆಡಿಟರ್ ಕೇಳಿದ ವಿವರ, ಹೋಮ್‌ಸ್ಟೇ ಇದ್ದರೆ ಬುಕಿಂಗ್, ಎಲ್ಲವೂ ಅಲ್ಲಿಗೇ. ಮೂರು ವರ್ಷದ ಹಿಂದಿನ ಪಾರ್ಚ್‌ಮೆಂಟ್ ಕಾಫಿಯ ಲಾಟಿನ ಬಗ್ಗೆ ತಕರಾರು ಬಂದರೆ ಹುಡುಕುವುದು ಎಲ್ಲಿ? ಇನ್‌ಬಾಕ್ಸ್‌ನಲ್ಲಿ, ಅಲ್ವಾ?

ಈಗ ಆ ಇನ್‌ಬಾಕ್ಸ್ ಎಲ್ಲಿದೆ ಅಂತ ಯೋಚಿಸಿ. ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ನೋಡುವವರಿಗೆ ಅದು ಪೂರ್ತಿಯಾಗಿ ಗೂಗಲ್‌ನ ಸರ್ವರ್‌ನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಕಥೆ ನಿಮಗೇ ಗೊತ್ತು. ಲೈನಿನ ಮೇಲೆ ಒಂದು ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಕರೆಂಟಿಗೆ ಜನರೇಟರ್ ಹಾಕಬಹುದು. ಕಡಿದುಹೋದ ಫೈಬರ್‌ಗೆ ಏನು ಮಾಡುತ್ತೀರಿ? ನೆಟ್ ಹೋದರೆ ಸಾಮಾನ್ಯವಾಗಿ ಹಳೇ ಮೇಲೂ ಕಾಣುವುದಿಲ್ಲ. ಇದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಿನ್ನೆ ಬಂದ ಕಾಗದವನ್ನು ಇವತ್ತು ಓದುವುದಕ್ಕೆ ನೆಟ್ ಯಾಕೆ ಬೇಕು?

ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಮೇಲ್ ಸಾಫ್ಟ್‌ವೇರ್ ಮಾಡುವ ದೊಡ್ಡ ಉಪಕಾರ ಇದೇ. ಥಂಡರ್‌ಬರ್ಡ್‌ನಲ್ಲಿ ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲನ್ನೇ ಇಲ್ಲೂ ತೋರಿಸುವ ವಿಧಾನ) ಅಕೌಂಟ್ ಸೇರಿಸಿದರೆ, ಮೇಲ್‌ಗಳ ಒಂದು ಪ್ರತಿ ತಾನಾಗಿಯೇ ನಿಮ್ಮ ಡಿಸ್ಕ್‌ಗೆ ಇಳಿಯುತ್ತದೆ. ಬೇರೆ ಏನೂ ಒತ್ತಬೇಕಾಗಿಲ್ಲ. ನೆಟ್ ಇಲ್ಲದಾಗಲೂ ಓದಬಹುದು, ಹುಡುಕಬಹುದು, ಉತ್ತರ ಬರೆದು ‘ಸೆಂಡ್ ಲೇಟರ್’ ಅಂತ ಇಡಬಹುದು. ಅದು ಔಟ್‌ಬಾಕ್ಸ್‌ನಲ್ಲಿ ಕಾಯುತ್ತದೆ. ನೆಟ್ ಬಂದ ಮೇಲೆ ಕಳಿಸಿದರಾಯಿತು.

ಹಳೇ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದಲ್ಲ, ಇಂಚು ಸೆಂಟ್ಸ್ ಲೆಕ್ಕದಲ್ಲಿ ಅಜ್ಜನ ಕಾಲದಿಂದ ಬರೆದುಕೊಂಡು ಬಂದದ್ದು? ಅದನ್ನು ಯಾರೂ ಪಕ್ಕದ ಊರಿನವರ ಬೀರುವಿನಲ್ಲಿ ಇಡುವುದಿಲ್ಲ. ಮೇಲ್ ಕೂಡ ಆ ಮಟ್ಟದ ದಾಖಲೆ ಅಂತ ನಾವು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ.

ಇನ್ನು ಥಂಡರ್‌ಬರ್ಡ್ ಬಗ್ಗೆ ಎರಡು ಮಾತು. ಮೊದಲ ಆವೃತ್ತಿ ಬಂದದ್ದು 2004ರ ಡಿಸೆಂಬರ್‌ನಲ್ಲಿ. ಫೈರ್‌ಫಾಕ್ಸ್ ಬ್ರೌಸರ್ ಕೊಟ್ಟ ಮೊಜಿಲ್ಲಾದವರದ್ದೇ. 2012ರಲ್ಲಿ ಮೊಜಿಲ್ಲಾ ಇದರ ಕೆಲಸವನ್ನು ಬಹಳ ಕಡಿಮೆ ಮಾಡಿತು. ಇದು ಇನ್ನು ಮುಗಿಯಿತು ಅಂದುಕೊಂಡವರೇ ಜಾಸ್ತಿ. ಆದರೆ ಬಳಸುವವರು ಬಿಡಲಿಲ್ಲ, ದೇಣಿಗೆ ಕೊಟ್ಟು ನಿಲ್ಲಿಸಿದರು. 2020ರಿಂದ ಎಂಝಡ್‌ಎಲ್‌ಎ ಅನ್ನುವ, ಮೊಜಿಲ್ಲಾ ಫೌಂಡೇಶನ್ನಿನದೇ ಒಂದು ಕಂಪನಿ ಇದನ್ನು ನಡೆಸುತ್ತಿದೆ. ಸಾಫ್ಟ್‌ವೇರ್ ಉಚಿತ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ನಿಮ್ಮ ಇನ್‌ಬಾಕ್ಸ್ ಪಕ್ಕ ಜಾಹೀರಾತು ತೋರಿಸಿ ಹೊಟ್ಟೆ ಹೊರೆಯಬೇಕಾದ ಗತಿ ಇದಕ್ಕಿಲ್ಲ.

ನಿಮ್ಮಲ್ಲಿ ಕೆಲವರು ವಿಂಡೋಸ್ ಜೊತೆ ಬರುತ್ತಿದ್ದ ಮೇಲ್ ಆ್ಯಪ್ ಬಳಸುತ್ತಿದ್ದಿರಿ. 2024ರ ಡಿಸೆಂಬರ್ 31ಕ್ಕೆ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಹೊಸ ಔಟ್‌ಲುಕ್ ಬಂತು. ನೋಡುವುದಕ್ಕೆ ಚೆನ್ನಾಗಿದೆ. ಆದರೆ ಒಂದು ವಿಷಯ ತಿಳಿದಿರಲಿ. ಅದಕ್ಕೆ ಜಿಮೇಲ್ ಅಥವಾ ಯಾಹೂ ಅಕೌಂಟ್ ಸೇರಿಸುವಾಗ, ನಿಮ್ಮ ಮೇಲ್ ಮೈಕ್ರೋಸಾಫ್ಟ್‌ನ ಕ್ಲೌಡ್ ಜೊತೆ ಸಿಂಕ್ ಆಗುತ್ತದೆ ಅಂತ ಅದೇ ಕೇಳಿ ಒಪ್ಪಿಗೆ ಪಡೆಯುತ್ತದೆ. ಅಂದರೆ ಮಧ್ಯದಲ್ಲಿ ಇನ್ನೊಂದು ಕಡೆ ನಿಮ್ಮ ಮೇಲ್‌ನ ಪ್ರತಿ ಕೂರುತ್ತದೆ. ನಾವು ಓದದೆ ‘ಕಂಟಿನ್ಯೂ’ ಒತ್ತುತ್ತೇವೆ. ಥಂಡರ್‌ಬರ್ಡ್ ಹಾಗಲ್ಲ. ನಿಮ್ಮ ಕಂಪ್ಯೂಟರ್ ನೇರವಾಗಿ ಗೂಗಲ್ ಸರ್ವರ್ ಜೊತೆ ಮಾತಾಡುತ್ತದೆ, ನಡುವೆ ಯಾರೂ ಇಲ್ಲ.

ಈಗ ಹೊಸದಕ್ಕೆ ಬರೋಣ. 2023ರ ಜುಲೈನಲ್ಲಿ ಬಂದ 115ನೇ ಆವೃತ್ತಿಯಲ್ಲಿ ಇದರ ಮುಖವೇ ಬದಲಾಯಿತು. ಸೂಪರ್‌ನೋವಾ ಅಂತ ಅದರ ಹೆಸರು. ಮರು ವರ್ಷ 128 ಬಂತು, 2025ರ ಜುಲೈನಲ್ಲಿ 140 ಬಂತು. ಬಣ್ಣ, ಐಕಾನ್, ಜಾಗದ ವಿಷಯವನ್ನು ನಾನು ಬೇಗ ಮುಗಿಸುತ್ತೇನೆ. ಮೊದಲು ಮೇಲ್‌ಗಳು ಲೆಡ್ಜರಿನ ಸಾಲುಗಳ ಹಾಗೆ ಕಾಣುತ್ತಿದ್ದವು. ಈಗ ‘ಕಾರ್ಡ್ಸ್ ವ್ಯೂ’ ಅಂತ ಇದೆ. ಕಳಿಸಿದವರ ಹೆಸರು ಮೇಲೆ, ವಿಷಯ ಕೆಳಗೆ, ಫೋನಿನಲ್ಲಿ ಕಾಣುವ ಹಾಗೆ. ಹಳೇ ಸಾಲುಗಳೇ ಬೇಕೆಂದರೆ ‘ಟೇಬಲ್ ವ್ಯೂ’ ಇಟ್ಟುಕೊಳ್ಳಿ. ಲೆಕ್ಕದ ಕೆಲಸದವರಿಗೆ ಟೇಬಲ್ಲೇ ವಾಸಿ. ಒಂದು ನೋಟಕ್ಕೆ ಜಾಸ್ತಿ ಮೇಲ್ ಸಿಗುತ್ತದೆ, ತಾರೀಕು, ಸೈಜು ಒತ್ತಿ ಸಾಲಾಗಿ ಜೋಡಿಸಬಹುದು. 140ರಲ್ಲಿ ಈ ಆಯ್ಕೆಯನ್ನು ಎಲ್ಲ ಫೋಲ್ಡರ್‌ಗಳಿಗೂ ಒಟ್ಟಿಗೆ ಹಾಕುವ ಅನುಕೂಲ ಬಂದಿದೆ. ಫೋಲ್ಡರ್‌ಗಳನ್ನು ಎಳೆದು ನಮಗೆ ಬೇಕಾದ ಕ್ರಮದಲ್ಲಿ ಇಡುವುದಕ್ಕೂ ಆಗುತ್ತದೆ. ಕತ್ತಲೆ ಬಣ್ಣದ ಥೀಮ್ ಇಟ್ಟುಕೊಂಡವರಿಗೆ ಮೇಲ್‌ನ ಒಳಗಿನ ಬಿಳಿ ಹಾಳೆಯೂ ಈಗ ಕಪ್ಪಾಗುತ್ತದೆ. ಯಾವುದಾದರೂ ಬಿಲ್ಲು ಸರಿಯಾಗಿ ಕಾಣದಿದ್ದರೆ ಮೇಲಿನ ಒಂದು ಗುಂಡಿ ಒತ್ತಿ ಆ ಮೇಲನ್ನು ಮಾತ್ರ ಬಿಳಿ ಮಾಡಿಕೊಳ್ಳಬಹುದು. ಮೇಲ್ ಬಂದಾಗ ಮೂಲೆಯಲ್ಲಿ ಏಳುವ ಸೂಚನೆಯಿಂದಲೇ ಅದನ್ನು ಓದಿದೆ ಅಂತ ಗುರುತು ಹಾಕಬಹುದು, ಡಿಲೀಟ್ ಮಾಡಬಹುದು.

ಕನ್ನಡದ ಅಕ್ಷರ ತುಂಬಾ ಸಣ್ಣದಾಗಿ ಕಾಣುತ್ತದೆ ಅಂತ ಇಲ್ಲಿಗೆ ಬರುವಾಗಲೇ ಒಬ್ಬರು ಹೇಳಿದರು. ಅದಕ್ಕೆ ದಾರಿ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ, ಜನರಲ್‌ನಲ್ಲಿ ಫಾಂಟ್ ಅನ್ನುವ ಕಡೆ ‘ಅಡ್ವಾನ್ಸ್‌ಡ್’ ಒತ್ತಿ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಅಂತಲೇ ಬೇರೆ ಇದೆ. ಅದನ್ನು ಆರಿಸಿ ನಿರ್ಮಲಾ ಅಥವಾ ತುಂಗಾ ಫಾಂಟ್ ಕೊಟ್ಟು, ಸೈಜು ದೊಡ್ಡದು ಮಾಡಿ. ಇಂಗ್ಲಿಷ್ ಅಕ್ಷರ ಹಾಗೇ ಇರುತ್ತದೆ, ಕನ್ನಡ ಮಾತ್ರ ದೊಡ್ಡದಾಗುತ್ತದೆ. ಬರೆಯುವಾಗ ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿ ಅಂಟಿಸಿದರೆ ಆ ಕಡೆಯವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಹೋಗುತ್ತವೆ. ಮುಂದೆ ಯಾವತ್ತಾದರೂ ಅದನ್ನು ಕನ್ನಡದಲ್ಲಿ ಹುಡುಕಿದರೆ ಸಿಗುವುದೂ ಇಲ್ಲ.

ನನಗೆ ಜಾಸ್ತಿ ಸಂತೋಷ ಕೊಟ್ಟ ಬದಲಾವಣೆ ಬೇರೆ. ಕೆಲವು ದೊಡ್ಡ ತೋಟದ ಕಂಪನಿಗಳಲ್ಲಿ, ಬೆಂಗಳೂರಿನಲ್ಲಿ ಹೆಡ್ ಆಫೀಸ್ ಇರುವ ಕಡೆ, ಮೇಲ್ ನಡೆಯುವುದು ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಅನ್ನುವ, ಕಂಪನಿಗಳು ಬಳಸುವ ಮೇಲ್ ಸರ್ವರ್ ಮೇಲೆ. ಅಂಥವರಿಗೆ ಇಷ್ಟು ದಿನ ಥಂಡರ್‌ಬರ್ಡ್ ಬಾಗಿಲು ಅರ್ಧ ಮುಚ್ಚಿತ್ತು. ಕಂಪನಿಯ ಐಟಿಯವರು ಐಮ್ಯಾಪ್ ಬಿಟ್ಟುಕೊಟ್ಟರೆ ಆಯಿತು, ಇಲ್ಲದಿದ್ದರೆ ದುಡ್ಡು ಕೊಟ್ಟು ಬೇರೆ ಆ್ಯಡ್-ಆನ್ ಹಾಕಿಕೊಳ್ಳಬೇಕಿತ್ತು. 2025ರ ನವೆಂಬರ್‌ನಲ್ಲಿ ಬಂದ 145ನೇ ಆವೃತ್ತಿಯಿಂದ ಎಕ್ಸ್‌ಚೇಂಜ್ ಮೇಲ್ ನೇರವಾಗಿ ಸೇರಿಸಬಹುದು. ಅಕೌಂಟ್ ಸೇರಿಸುವಾಗ ಎಕ್ಸ್‌ಚೇಂಜ್ ಅಂತ ಆರಿಸಿದರೆ ಮೈಕ್ರೋಸಾಫ್ಟ್‌ನ ಲಾಗಿನ್ ಪುಟ ತೆರೆಯುತ್ತದೆ, ಅಷ್ಟೇ. 145 ಬಂದಾಗ ಇದು ಮೇಲ್‌ಗೆ ಮಾತ್ರ. ಕ್ಯಾಲೆಂಡರ್, ಕಾಂಟ್ಯಾಕ್ಟ್‌ಗಳ ಕೆಲಸವನ್ನು ಆಮೇಲೆ ಮಾಡುತ್ತೇವೆ ಅಂತ ತಂಡದವರು ಹೇಳಿದರು. ಇನ್ನೊಂದು ಸಂಗತಿ. ಇದು ಇಡಬ್ಲ್ಯೂಎಸ್ ಅನ್ನುವ ಹಳೇ ವಿಧಾನದಲ್ಲಿ ಮಾತಾಡುತ್ತದೆ. ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಮೇಲ್‌ನಲ್ಲಿ ಇದನ್ನು 2026ರ ಅಕ್ಟೋಬರ್‌ನಿಂದ ಮುಚ್ಚುತ್ತಾ ಬರುವುದಾಗಿ ಪ್ರಕಟಿಸಿದೆ. ಹಾಗಾಗಿ ಗ್ರಾಫ್ ಅನ್ನುವ ಹೊಸ ವಿಧಾನಕ್ಕೆ ದಾಟುವ ಕೆಲಸವನ್ನೂ ಥಂಡರ್‌ಬರ್ಡ್‌ನವರು ಕೈಗೆತ್ತಿಕೊಂಡಿದ್ದಾರೆ. ಎಕ್ಸ್‌ಚೇಂಜ್ ಬಳಸುವವರು ಅಪ್‌ಡೇಟ್ ತಪ್ಪಿಸಬೇಡಿ.

ಫೋನಿಗೂ ಬಂದಿದೆ. 2022ರಲ್ಲಿ ಕೆ-9 ಮೇಲ್ ಅನ್ನುವ ಆ್ಯಂಡ್ರಾಯ್ಡ್ ಆ್ಯಪ್ ಥಂಡರ್‌ಬರ್ಡ್ ಜೊತೆ ಸೇರಿತು. 2024ರ ಅಕ್ಟೋಬರ್‌ನಲ್ಲಿ ಅದೇ ಥಂಡರ್‌ಬರ್ಡ್ ಹೆಸರಿನಲ್ಲಿ ಹೊರಬಂತು. ಕಂಪ್ಯೂಟರಿನಲ್ಲಿ ಇರುವ ಅಕೌಂಟ್‌ಗಳನ್ನು ಫೋನಿಗೆ ಒಂದೊಂದಾಗಿ ಸೇರಿಸುತ್ತಾ ಕೂರಬೇಕಿಲ್ಲ. ಟೂಲ್ಸ್‌ನಲ್ಲಿ ‘ಎಕ್ಸ್‌ಪೋರ್ಟ್ ಫಾರ್ ಮೊಬೈಲ್’ ಅಂದರೆ ತೆರೆಯ ಮೇಲೆ ಕ್ಯೂಆರ್ ಕೋಡ್ ಬರುತ್ತದೆ. ಫೋನ್ ಹಿಡಿದರೆ ಎಲ್ಲ ಅಕೌಂಟೂ ಹೋಗುತ್ತವೆ. ಜಿಮೇಲ್‌ನಂಥವಕ್ಕೆ ಫೋನಿನಲ್ಲಿ ಒಮ್ಮೆ ಲಾಗಿನ್ ಆಗಬೇಕು. ಪಾಸ್‌ವರ್ಡ್ ಕೂಡ ಆ ಕೋಡ್‌ನಲ್ಲಿ ಸೇರಿಸುವ ಆಯ್ಕೆ ಇದೆ. ಅದನ್ನು ಹಾಕಿದರೆ ಆ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಯಾರಿಗೂ ಕಳಿಸಬೇಡಿ. ದಯವಿಟ್ಟು.

ಜಿಮೇಲ್ ಅಂದಾಗ ನೆನಪಾಯಿತು. ಥಂಡರ್‌ಬರ್ಡ್‌ನಲ್ಲಿ ಜಿಮೇಲ್ ಪಾಸ್‌ವರ್ಡ್ ಸರಿ ಕೊಟ್ಟರೂ ತಗೊಳ್ಳುತ್ತಿಲ್ಲ ಅನ್ನುವುದು ಸಾಮಾನ್ಯ ದೂರು. ಬೇರೆ ಸಾಫ್ಟ್‌ವೇರ್‌ಗಳಿಗೆ ನೇರ ಪಾಸ್‌ವರ್ಡ್ ಕೊಡುವುದನ್ನು ಗೂಗಲ್ 2022ರಿಂದಲೇ ಒಂದೊಂದಾಗಿ ನಿಲ್ಲಿಸುತ್ತಾ ಬಂತು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಅಥೆಂಟಿಕೇಶನ್ ಮೆಥಡ್’ ಅನ್ನುವ ಕಡೆ ಓಆಥ್2 ಆರಿಸಿ, ಅಂದರೆ ಗೂಗಲ್‌ನ ಪುಟದಲ್ಲೇ ಲಾಗಿನ್ ಆಗುವ ವಿಧಾನ. ಒಳಬರುವ ಸರ್ವರ್‌ಗೂ ಹೊರಹೋಗುವ ಸರ್ವರ್‌ಗೂ ಎರಡಕ್ಕೂ ಬದಲಿಸಬೇಕು. ಒಂದಕ್ಕೆ ಮಾತ್ರ ಮಾಡಿದರೆ ಮೇಲ್ ಬರುತ್ತದೆ, ಹೋಗುವುದಿಲ್ಲ.

ಇನ್ನು ಮೋಸದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಈಗ ವ್ಯಾಪಾರಸ್ಥರಿಗೆ ಬರುವ ಮೋಸದ ಮೇಲ್ ಲಾಟರಿ ಗೆದ್ದಿದ್ದೀರಿ ಅಂತ ಬರುವುದಿಲ್ಲ. ನೀವು ದಿನಾ ವ್ಯವಹರಿಸುವವರ ಹೆಸರಿನಲ್ಲೇ ಬರುತ್ತದೆ. ‘ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಈ ಬಿಲ್ಲಿನ ಹಣ ಹೊಸ ಅಕೌಂಟಿಗೆ ಹಾಕಿ.’ ಹೆಸರು ಅದೇ, ಬಿಲ್ಲಿನ ರೂಪವೂ ಅದೇ. ಮೇಲ್ ವಿಳಾಸದಲ್ಲಿ ಮಾತ್ರ ಒಂದು ಅಕ್ಷರ ಬೇರೆ. ಇಂಗ್ಲಿಷಿನ ಸಣ್ಣ ಎಂ ಇರಬೇಕಾದ ಕಡೆ ಆರ್ ಮತ್ತು ಎನ್ ಒತ್ತೊತ್ತಾಗಿ ಇಟ್ಟಿರುತ್ತಾರೆ. ಕಣ್ಣಿಗೆ ಎಂ ಥರವೇ ಕಾಣುತ್ತದೆ. ಹೆಸರು ಮಾತ್ರ ತೋರಿಸಿ ವಿಳಾಸ ಮುಚ್ಚಿಡುವ ಆ್ಯಪ್‌ಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಥಂಡರ್‌ಬರ್ಡ್‌ನಲ್ಲಿ ಮೇಲ್ ತೆರೆದು, ಬಲಗಡೆ ‘ಮೋರ್’ ಒತ್ತಿ, ‘ಕಸ್ಟಮೈಜ್’ಗೆ ಹೋಗಿ. ಕಳಿಸಿದವರ ಪೂರ್ತಿ ವಿಳಾಸವನ್ನು ಯಾವಾಗಲೂ ತೋರಿಸು ಅನ್ನುವ ಆಯ್ಕೆ ಇದೆ. ಅದಕ್ಕೊಂದು ಟಿಕ್ ಹಾಕಿ. ಇವತ್ತು ನಾನು ಹೇಳಿದ್ದರಲ್ಲಿ ಬೇರೆ ಏನು ಮರೆತರೂ ಇದನ್ನು ಮನೆಗೆ ಹೋಗಿ ಮಾಡಿ. ಅಕೌಂಟ್ ಬದಲಾಗಿದೆ ಅನ್ನುವ ಮೇಲ್ ಬಂದರೆ ಅದಕ್ಕೆ ಉತ್ತರ ಬರೆಯಬೇಡಿ. ನಿಮ್ಮ ಹತ್ತಿರ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಅಕೌಂಟಿಗೆ ಜಾರುವ ಮೊದಲು ತಡೆಯುವುದಕ್ಕೆ ಆಗ ಅವಕಾಶ ಇರುತ್ತದೆ.

ಮೇಲ್ ಒಳಗಿನ ಚಿತ್ರಗಳು ಥಂಡರ್‌ಬರ್ಡ್‌ನಲ್ಲಿ ತಾನಾಗಿ ತೆರೆಯುವುದಿಲ್ಲ ಅಂತ ಕೆಲವರಿಗೆ ಬೇಜಾರು. ಅದು ಬೇಕೆಂದೇ ಇಟ್ಟ ತಡೆ. ಹೊರಗಿನ ಸರ್ವರ್‌ನಿಂದ ಚಿತ್ರ ಇಳಿದ ಕ್ಷಣವೇ ನೀವು ಮೇಲ್ ತೆರೆದಿದ್ದು ಕಳಿಸಿದವರಿಗೆ ಗೊತ್ತಾಗುತ್ತದೆ. ನಂಬಿಕೆ ಇರುವವರಿಗೆ ಮಾತ್ರ ಬಿಟ್ಟುಕೊಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೇಲ್ ಡಿಸ್ಕ್‌ಗೆ ಇಳಿಯುತ್ತದೆ ಅಂದೆ. ಅದರಿಂದ ಬ್ಯಾಕಪ್ ಆಯಿತು ಅಂತ ತಿಳಿಯಬೇಡಿ. ಐಮ್ಯಾಪ್ ಅಂದರೆ ಸರ್ವರ್‌ನಲ್ಲಿ ಏನಿದೆಯೋ ಅದೇ ಇಲ್ಲೂ ಇರುವ ಏರ್ಪಾಡು. ಫೋನಿನಲ್ಲಿ ಯಾರೋ ಮೇಲ್ ಅಳಿಸಿದರೆ ಕಂಪ್ಯೂಟರಿನಿಂದಲೂ ಹೋಗುತ್ತದೆ. ಆಫೀಸಿನಲ್ಲಿ ಒಂದೇ ಅಕೌಂಟನ್ನು ಮೂರು ಜನ ನೋಡುತ್ತಿದ್ದರೆ ಇದು ಆಗಿಯೇ ಆಗುತ್ತದೆ. ಜಿಮೇಲ್‌ನ ಉಚಿತ ಜಾಗ 15 ಜಿಬಿ, ಅದೂ ಡ್ರೈವ್ ಮತ್ತು ಫೋಟೋ ಎಲ್ಲ ಸೇರಿ. ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಆಗ ಗಾಬರಿಯಲ್ಲಿ ಹಳೇದನ್ನೆಲ್ಲ ಅಳಿಸುತ್ತಾರೆ. ಇನ್ನೊಂದು ಕಡೆ, ಎರಡು ವರ್ಷ ಮುಟ್ಟದ ಅಕೌಂಟ್‌ಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ತೆಗೆದುಹಾಕಲು ಶುರು ಮಾಡಿದೆ. ತೀರಿಕೊಂಡ ತಂದೆಯವರ ಹೆಸರಿನ ಅಕೌಂಟ್‌ನಲ್ಲಿ ತೋಟದ ಹಳೇ ಕಾಗದಗಳಿವೆ ಅನ್ನುವವರು ಈ ಮಾತನ್ನು ಗಮನಿಸಿ.

ಇದಕ್ಕೆ ಏನು ಮಾಡಬೇಕು? ಎಡಗಡೆ ಪಟ್ಟಿಯ ಕೆಳಗೆ ‘ಲೋಕಲ್ ಫೋಲ್ಡರ್ಸ್’ ಅಂತ ಇರುತ್ತದೆ. ಯಾರೂ ಅದನ್ನು ಮುಟ್ಟುವುದಿಲ್ಲ. ಅದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುವ ಜಾಗ, ಸರ್ವರ್‌ಗೆ ಸಂಬಂಧವಿಲ್ಲ. ಅಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ. ಕಾಫಿಯವರಿಗೆ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕಕ್ಕಿಂತ ಕೊಯ್ಲಿನ ಸೀಸನ್ ಲೆಕ್ಕವೇ ಹೊಂದುತ್ತದೆ. ಆ ಸೀಸನ್‌ನ ಕಾಂಟ್ರಾಕ್ಟು, ಔಟ್‌ಟರ್ನ್, ಬಿಲ್ಲುಗಳನ್ನೆಲ್ಲ ಆರಿಸಿ, ರೈಟ್ ಕ್ಲಿಕ್ ಮಾಡಿ, ‘ಕಾಪಿ ಟು’ ಕೊಟ್ಟು ಅಲ್ಲಿಗೆ ಹಾಕಿ. ‘ಮೂವ್’ ಬೇಡ, ‘ಕಾಪಿ’. ದಿನಾ ಮಾಡಲಾಗುವುದಿಲ್ಲ ಅನ್ನುವವರು ಫಿಲ್ಟರ್ ಹಾಕಿಕೊಳ್ಳಿ. ಕ್ಯೂರಿಂಗ್ ವರ್ಕ್ಸ್‌ನ ವಿಳಾಸದಿಂದ ಏನೇ ಬಂದರೂ ಅದರ ಪ್ರತಿ ಈ ಫೋಲ್ಡರ್‌ಗೆ ಹೋಗಲಿ ಅಂತ ಒಮ್ಮೆ ಹೇಳಿಟ್ಟರೆ ಸಾಕು, ಥಂಡರ್‌ಬರ್ಡ್ ತೆರೆದಿದ್ದಾಗಲೆಲ್ಲ ಆ ಕೆಲಸ ನಡೆಯುತ್ತದೆ.

ಆಮೇಲೆ ಟೂಲ್ಸ್‌ನಲ್ಲಿ ‘ಎಕ್ಸ್‌ಪೋರ್ಟ್’. ಇಡೀ ಪ್ರೊಫೈಲನ್ನು ಒಂದು ಜಿಪ್ ಫೈಲ್ ಮಾಡಿಕೊಡುತ್ತದೆ. ಮೇಲ್, ವಿಳಾಸಗಳು, ಫಿಲ್ಟರ್, ಸೆಟ್ಟಿಂಗ್ ಎಲ್ಲವೂ ಅದರಲ್ಲಿ. ಹೊಸ ಕಂಪ್ಯೂಟರ್ ತಂದರೆ ‘ಇಂಪೋರ್ಟ್’ ಕೊಟ್ಟು ಅದನ್ನು ತೋರಿಸಿದರೆ ಹಳೇ ಮನೆಯೇ ಎದ್ದು ನಿಲ್ಲುತ್ತದೆ. 2 ಜಿಬಿಗಿಂತ ದೊಡ್ಡ ಪ್ರೊಫೈಲ್ ಆದರೆ ಈ ದಾರಿ ಹಿಡಿಯಬೇಡಿ. ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ನಲ್ಲಿ ಪ್ರೊಫೈಲ್ ಫೋಲ್ಡರ್ ತೆರೆಯುವ ಗುಂಡಿ ಇದೆ. ಫೋಲ್ಡರ್ ಎಲ್ಲಿದೆ ಅಂತ ನೋಡಿಕೊಂಡು, ಥಂಡರ್‌ಬರ್ಡ್ ಮುಚ್ಚಿ, ಆ ಫೋಲ್ಡರನ್ನೇ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಅದರೊಳಗೆ ಇರುತ್ತವೆ. ಹಾಗಾಗಿ ಮೊದಲು ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ‘ಪ್ರೈಮರಿ ಪಾಸ್‌ವರ್ಡ್’ ಇಡಿ. ಆ ಡಿಸ್ಕನ್ನು ಕೌಂಟರಿನ ಮೇಲೆ ಬಿಡಬೇಡಿ.

ಆ ಫೋಲ್ಡರ್ ಒಳಗೆ ಒಮ್ಮೆ ಇಣುಕಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ‘ಇನ್‌ಬಾಕ್ಸ್’ ಅಂತ ಹೆಸರಿನ ಮುಂದೆ ಚುಕ್ಕಿ ಗಿಕ್ಕಿ ಏನೂ ಇಲ್ಲದ ಒಂದು ಫೈಲ್ ಇರುತ್ತದೆ. ನಿಮ್ಮ ಮೇಲ್‌ಗಳೆಲ್ಲ ಒಂದರ ಹಿಂದೆ ಒಂದು ಅದರಲ್ಲೇ ಸಾಲಾಗಿ ಕೂತಿವೆ. ಅದರ ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಕಾಣುತ್ತದೆ. ಎಂಬಾಕ್ಸ್ ಅನ್ನುವ ಈ ರೂಪ ದಶಕಗಳಷ್ಟು ಹಳೆಯದು. ಥಂಡರ್‌ಬರ್ಡ್ ನಾಳೆ ಇಲ್ಲದೇ ಹೋದರೂ ಬೇರೆ ಸಾಫ್ಟ್‌ವೇರ್ ಅದನ್ನು ಓದುತ್ತದೆ. ಬೀಗ ಹಾಕಿ ಕೀಲಿಕೈ ತಾವೇ ಇಟ್ಟುಕೊಳ್ಳುವ ಕಂಪನಿಗಳ ನಡುವೆ ಇದನ್ನು ನಾನು ದೊಡ್ಡ ಪ್ರಾಮಾಣಿಕತೆ ಅಂತಲೇ ಭಾವಿಸುತ್ತೇನೆ.

ಅದರ ಪಕ್ಕದಲ್ಲೇ ಎಂಎಸ್‌ಎಫ್ ಅನ್ನುವ ಸಣ್ಣ ಫೈಲ್ ಇರುತ್ತದೆ. ಅದು ಬರೀ ಅನುಕ್ರಮಣಿಕೆ. ನಮ್ಮ ಕಡೆ ಕರೆಂಟು ಇದ್ದಕ್ಕಿದ್ದ ಹಾಗೆ ಹೋಗಿ ಕಂಪ್ಯೂಟರ್ ಆಫ್ ಆದರೆ ಕೆಡುವುದು ಸಾಮಾನ್ಯವಾಗಿ ಇದೇ. ಒಂದು ಮೇಲ್ ಒತ್ತಿದರೆ ಇನ್ನೊಂದು ತೆರೆಯುತ್ತದೆ, ಪಟ್ಟಿ ಖಾಲಿ ಕಾಣುತ್ತದೆ. ಹೆದರಬೇಡಿ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ರಿಪೇರ್ ಫೋಲ್ಡರ್’. ಅನುಕ್ರಮಣಿಕೆ ಹೊಸದಾಗಿ ತಯಾರಾಗುತ್ತದೆ, ಮೇಲ್‌ಗಳು ಮತ್ತೆ ಕಾಣುತ್ತವೆ. ಇನ್ನೊಂದು ಮಾತು, ಅಳಿಸಿದ ಮೇಲ್ ‘ಕಾಂಪ್ಯಾಕ್ಟ್’ ಆಗುವವರೆಗೆ ಆ ಫೈಲಿನಲ್ಲೇ ಉಳಿದಿರುತ್ತದೆ. ಡಿಸ್ಕ್ ತುಂಬುತ್ತಿದ್ದರೆ ಫೈಲ್ ಮೆನುವಿನಲ್ಲಿ ‘ಕಾಂಪ್ಯಾಕ್ಟ್ ಫೋಲ್ಡರ್ಸ್’ ಕೊಡಿ. ಅದು ನಡೆಯುವಾಗ ಯುಪಿಎಸ್ ಇರಲಿ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ತೋಟದ ಲೆಕ್ಕ ನೋಡಿಕೊಳ್ಳುವ ಹಿರಿಯರೊಬ್ಬರು, ‘ಸಾರ್, ಪ್ರತಿ ತಿಂಗಳೂ ಅಪ್‌ಡೇಟ್ ಅಂತ ಬರುತ್ತೆ. ಕಲಿತದ್ದು ಅಷ್ಟರಲ್ಲಿ ಬದಲಾಗುತ್ತೆ. ನಮ್ಮಂಥವರು ಏನು ಮಾಡೋದು?’ ಅಂದರು. ನ್ಯಾಯವಾದ ಮಾತು. ಥಂಡರ್‌ಬರ್ಡ್ ಎರಡು ದಾರಿಯಲ್ಲಿ ಬರುತ್ತದೆ. 2025ರ ಮಾರ್ಚ್‌ನಿಂದ ವೆಬ್‌ಸೈಟಿನಲ್ಲಿ ಮೊದಲು ಸಿಗುವುದು ಪ್ರತಿ ತಿಂಗಳು ಹೊಸ ಸೌಲಭ್ಯ ಬರುವ ದಾರಿ. ಇನ್ನೊಂದು ಇಎಸ್‌ಆರ್. ಇದರಲ್ಲಿ ದೊಡ್ಡ ಬದಲಾವಣೆ ವರ್ಷಕ್ಕೊಮ್ಮೆ, ನಡುವೆ ಭದ್ರತೆಯ ರಿಪೇರಿ ಮಾತ್ರ. ನೀವು ಇಎಸ್‌ಆರ್ ಹಾಕಿಕೊಳ್ಳಿ ಅಂದೆ. ಎಕ್ಸ್‌ಚೇಂಜ್ ಬೇಕಾದವರು ಮಾತ್ರ ತಿಂಗಳ ದಾರಿ ಹಿಡಿಯಲಿ.

ಹೋಮ್‌ಸ್ಟೇ ನಡೆಸುವ ಅಕ್ಕ ಒಬ್ಬರು ತಮ್ಮ ಹಳೇ ವಿಂಡೋಸ್ 7 ಕಂಪ್ಯೂಟರಿಗೆ ಇದು ನಡೆಯುತ್ತದಾ ಅಂತ ಕೇಳಿದರು. ವಿಂಡೋಸ್ 7 ಮತ್ತು 8ಕ್ಕೆ ನಡೆಯುವ ಕೊನೆಯ ಆವೃತ್ತಿ 115. ಆ ವಿಂಡೋಸ್‌ಗಳಿಗೇ ಮೈಕ್ರೋಸಾಫ್ಟ್ ಭದ್ರತೆಯ ಅಪ್‌ಡೇಟ್ ಕೊಡುತ್ತಿಲ್ಲ. ಅತಿಥಿಗಳ ಆಧಾರ್ ಪ್ರತಿ, ದುಡ್ಡಿನ ವ್ಯವಹಾರ ಎಲ್ಲ ಇರುವ ಮೇಲನ್ನು ಅದರಲ್ಲಿ ಇಡುವುದು ಬೇಡ ಅಂದೆ. ಯಂತ್ರ ಗಟ್ಟಿಯಾಗಿದ್ದರೆ ಅದಕ್ಕೆ ಲಿನಕ್ಸ್ ಹಾಕಿಸಿ. ಥಂಡರ್‌ಬರ್ಡ್ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಒಂದೇ ಷರತ್ತು, ಯಂತ್ರ 64 ಬಿಟ್‌ನದಾಗಿರಬೇಕು. 32 ಬಿಟ್ ಲಿನಕ್ಸ್‌ಗೆ ಕೊಡುವುದನ್ನು 145ರಿಂದ ನಿಲ್ಲಿಸಿದ್ದಾರೆ. ಯಾವುದು ಅಂತ ಗೊತ್ತಿಲ್ಲದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ‘ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿ. ಅಲ್ಲಿ ‘64 ಬಿಟ್’ ಅಂತ ಇದ್ದರೆ ಆಯಿತು. 32 ಅಂತಿದ್ದರೆ ಅದು ವಿಂಡೋಸಿನದ್ದೂ ಆಗಿರಬಹುದು, ಹಾಗಾಗಿ ಒಳಗಿನ ಪ್ರೊಸೆಸರ್ ಯಾವುದು ಅಂತ ಕಂಪ್ಯೂಟರ್ ರಿಪೇರಿಯವರಿಂದ ಒಮ್ಮೆ ನೋಡಿಸಿ.